ಇದು ಕುಡಿಯುವ ಬಾರ್ ಅಲ್ಲ, ಕೊಯ್ಯುವ ಬಾರ್!

ಬಾರ್ ಎಂದಕೂಡಲೇ ನಮ್ಮ ಸಂಜೆ ಓದುಗರಲ್ಲಿ ಕೆಲವರ ಕಿವಿ ನೆಟ್ಟಗಾಗುತ್ತದೆ ಅಂತ ಗೊತ್ತು. ಕ್ಷಮಿಸಬೇಕು. ಇವತ್ತಿನದು ಬಸ್‌ಸ್ಟ್ಯಾಂಡ್ ಎದುರಿನ ಬಾರ್ ವಿಷಯವಲ್ಲ. ಮರ ಕೊಯ್ಯುವ ಮೆಷಿನ್ನಿಗೆ ಮುಂದೆ ಮೂತಿಯ ಹಾಗೆ ಚಾಚಿಕೊಂಡಿರುವ ಉಕ್ಕಿನ ಪಟ್ಟಿ ಇರುತ್ತದಲ್ಲ, ಅದರ ಅಂಚಿನ ಮೇಲೆ ಚೈನು ಓಡುತ್ತದಲ್ಲ, ಆ ಬಾರ್. ಮರ ಕಡಿಯುವವರ ಸಾಮಾನು, ನಮಗೇನು ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಕಳೆದ ಮಳೆಗಾಲದಲ್ಲಿ ಎರಡೂವರೆ ಗಂಟೆ ರಸ್ತೆಯಲ್ಲಿ ನೆನೆಯುತ್ತಾ ನಿಂತ ಮೇಲೆ ಅಭಿಪ್ರಾಯ ಬದಲಾಯಿತು.

ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೊರಟ ಬಸ್ಸು. ಹಿಂದಿನ ರಾತ್ರಿಯಿಂದ ಬಿಟ್ಟೂಬಿಡದೆ ಮಳೆ. ಅರ್ಧ ದಾರಿಯಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನೋಡಿದರೆ ಒಂದು ಹಳೇ ಮಾವಿನ ಮರ ಬುಡಸಮೇತ ಕಿತ್ತು ರಸ್ತೆಗೆ ಅಡ್ಡ ಮಲಗಿದೆ. ಬುಡ ಈಚೆ ಧರೆಯ ಮೇಲೆ, ತಲೆ ಆಚೆ ದಿಣ್ಣೆಯ ಮೇಲೆ, ನಡುವೆ ಸೇತುವೆ ಕಟ್ಟಿದ ಹಾಗೆ ಕಾಂಡ. ಆಚೆ ಕಡೆ ಎರಡು ಬಸ್ಸು, ಒಂದು ಹಾಲಿನ ವ್ಯಾನು. ಈಚೆ ಕಡೆ ನಮ್ಮ ಹಿಂದೆಯೇ ಒಂದು ಆಟೋ, ಅದರಲ್ಲಿ ತುಂಬು ಬಸುರಿ ಹೆಂಗಸು, ಜೊತೆಗೆ ಅವಳ ಅತ್ತೆ. ಆಸ್ಪತ್ರೆಗೆ ಹೊರಟವರು.

ಯಾರೋ ಫೋನ್ ಮಾಡಿದರು. ಮುಕ್ಕಾಲು ಗಂಟೆಗೆ ಪಿಕಪ್ ವ್ಯಾನಿನಲ್ಲಿ ಒಬ್ಬ ಹುಡುಗ ಮೆಷಿನ್ ಹಿಡಿದು ಬಂದ. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಇಪ್ಪತ್ತೆರಡು ಇಂಚಿನ ಬಾರ್, ಇನ್ನೂ ಬಣ್ಣ ಮಾಸದ್ದು. "ಹತ್ತೇ ನಿಮಿಷ" ಅಂದ. ನಾವೆಲ್ಲ ಕೊಡೆ ಹಿಡಿದು ಸುತ್ತ ನಿಂತೆವು. ಮೆಷಿನ್ ಗುರ್ರೆಂದಿತು, ಹೊಟ್ಟು ಹಾರಿತು. ಒಂದು ಗೇಣು ಇಳಿಯುವಷ್ಟರಲ್ಲಿ ಕೊಯ್ತ ನೇರಕ್ಕೆ ಹೋಗದೆ ಬಾಳೆಕಾಯಿಯ ಹಾಗೆ ಸೊಟ್ಟ ತಿರುಗಿತು. ಬಾರಿನಿಂದ ಹೊಗೆ ಎದ್ದಿತು. ಹುಡುಗ ಇನ್ನೂ ಅದುಮಿದ. ಚೈನು ಜಾರಿ ಹೊರಗೆ ಬಂತು. ಮತ್ತೆ ಕೂರಿಸಿದ. ಎರಡನೇ ಸಲ ಬಾರ್ ಮರದೊಳಗೇ ಕಚ್ಚಿಕೊಂಡಿತು, ಎಳೆದರೂ ಬರಲಿಲ್ಲ.

"ಎಂತ ಮಾರಾಯಾ, ಹೊಸ ಬಾರಲ್ವಾ ಅದು?" ಕಂಡಕ್ಟರ್ ಕೇಳಿದ.

"ಹೊಸ್ದೇ ಅಣ್ಣಾ. ಸಾಹುಕಾರ್ರು ಮೊನ್ನೆ ತಂದ್ಕೊಟ್ರು. ಕಮ್ಮಿಗೆ ಸಿಕ್ತು ಅಂತ."

ಆ ಹೆಂಗಸನ್ನು ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ, ಧರೆಯ ಪಕ್ಕದ ತೋಟದೊಳಗಿಂದ ಸುತ್ತು ಹಾಕಿ, ಆಚೆ ಕಡೆಯ ಹಾಲಿನ ವ್ಯಾನಿಗೆ ಮುಟ್ಟಿಸಿದರು. ಸಕಾಲಕ್ಕೆ ಆಸ್ಪತ್ರೆ ಸೇರಿದಳಂತೆ. ನಾವು ಮಾತ್ರ ಅಲ್ಲೇ.

ಕಡೆಗೆ ಹತ್ತಿರದ ತೋಟದ ಒಬ್ಬ ಹಿರಿಯರು ತಮ್ಮ ಮೆಷಿನ್ ತೆಗೆದುಕೊಂಡು ನಡೆದೇ ಬಂದರು. ಅವರ ಬಾರ್ ಹದಿನೆಂಟೇ ಇಂಚು, ಬಣ್ಣ ಪೂರಾ ಹೋಗಿ ಬೋಳು ಉಕ್ಕು. ಬಂದವರೇ ಮೆಷಿನ್ ಚಾಲೂ ಮಾಡಲಿಲ್ಲ. ಮರದ ಸುತ್ತ ಒಂದು ಸಲ ತಿರುಗಿದರು. ಕೊಯ್ಯಬೇಕಾದ ಜಾಗದಲ್ಲಿ ಮಣ್ಣು ಹತ್ತಿದ ತೊಗಟೆಯನ್ನು ಕತ್ತಿಯಿಂದ ಹೆರೆದರು. ಮೇಲಿನಿಂದ ಮೂರನೇ ಒಂದು ಪಾಲು ಇಳಿಸಿ, ಸೀಳಿಗೆ ಒಂದು ಮರದ ಬೆಣೆ ಹೊಡೆದು, ಉಳಿದದ್ದನ್ನು ಅಡಿಯಿಂದ ಮೇಲಕ್ಕೆ ಕೊಯ್ದರು. ಇಪ್ಪತ್ತೈದು ನಿಮಿಷದಲ್ಲಿ ಎರಡು ತುಂಡು ಉರುಳಿಸಿ ಬಸ್ಸಿಗೆ ದಾರಿ ಮಾಡಿದರು. ಹುಡುಗನ ಬಾರನ್ನೂ ಬಿಡಿಸಿಕೊಟ್ಟರು. ಅದು ನಡುವಿನಲ್ಲಿ ಬಿಲ್ಲಿನ ಹಾಗೆ ಬಾಗಿತ್ತು.

ಆ ಹಿರಿಯರನ್ನು ಹುಡುಕಿಕೊಂಡು ಮುಂದಿನ ಭಾನುವಾರ ನಾನು ಅವರ ಮನೆಗೆ ಹೋದೆ. ಮೂವತ್ತು ವರ್ಷಕ್ಕೂ ಮೇಲೆ ಸಿಲ್ವರ್, ಅಕೇಶಿಯ, ನೀಲಗಿರಿ, ಹಲಸು ಎಲ್ಲ ಕೊಯ್ದ ಕೈ. ಜಗಲಿಯ ಮೇಲೆ ಏಳೆಂಟು ಹಳೇ ಬಾರ್‌ಗಳನ್ನು ಸಾಲಾಗಿ ಇಟ್ಟು, ಕಾಫಿ ಕೊಟ್ಟು, ಪಾಠ ಶುರು ಮಾಡಿದರು. ಹೆಸರು ಹಾಕಬೇಡಿ ಅಂದರು, ಹಾಕುವುದಿಲ್ಲ.

ಮೂರು ಹಾಳೆಯದ್ದು, ಒಂದೇ ತುಂಡಿನದ್ದು

ಬಾರ್ ಅಂದರೆ ಬರೀ ತಗಡಲ್ಲ. ಸುತ್ತಲ ಅಂಚಿನಲ್ಲಿ ಒಂದು ಸಣ್ಣ ಕಾಲುವೆ ಇರುತ್ತದೆ. ಚೈನಿನ ಅಡಿಭಾಗದ ಹಲ್ಲು ಆ ಕಾಲುವೆಯೊಳಗೆ ಓಡುತ್ತದೆ. ಕಾಲುವೆಯ ಎರಡು ಪಕ್ಕದ ಅಂಚಿನ ಮೇಲೆ ಚೈನು ಕೂತು ಜಾರುತ್ತದೆ. ಮೆಷಿನ್ ಪೂರಾ ವೇಗದಲ್ಲಿದ್ದರೆ ಚೈನು ಸೆಕೆಂಡಿಗೆ ಇಪ್ಪತ್ತು ಮೀಟರ್ ಸುಮಾರಿಗೆ ಓಡುತ್ತದೆ. ಅಂದರೆ ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ವೇಗ. ಅಷ್ಟು ವೇಗದಲ್ಲಿ ಉಕ್ಕಿನ ಮೇಲೆ ಉಕ್ಕು ಉಜ್ಜಿದರೆ ಸವೆಯದೆ ಇರುತ್ತದೆಯೇ? ಹೀಗಾಗಿ ಬಾರ್ ಬಾಳಿಕೆ ಬರುತ್ತದೋ ಇಲ್ಲವೋ ಎನ್ನುವುದು ಆ ಎರಡು ಅಂಚಿನ ಮೇಲೆ ನಿಂತಿದೆ. ಮೇಲಿನ ಬಣ್ಣ, ಸ್ಟಿಕರ್ ಯಾವುದೂ ಲೆಕ್ಕಕ್ಕಿಲ್ಲ.

ಅಂಗಡಿಯಲ್ಲಿ ಸಿಗುವುದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಮೂರು ಉಕ್ಕಿನ ಹಾಳೆ ಒಂದರ ಮೇಲೊಂದು ಇಟ್ಟು ವೆಲ್ಡ್ ಮಾಡಿದ್ದು. ನಡುವಿನ ಹಾಳೆ ಸ್ವಲ್ಪ ಗಿಡ್ಡ, ಅದರಿಂದಲೇ ಕಾಲುವೆ ಆಗುತ್ತದೆ. ಇದು ಹಗುರ, ಬೆಲೆಯೂ ಕಡಿಮೆ. ಇನ್ನೊಂದು, ಇಡೀ ಒಂದೇ ಉಕ್ಕಿನ ತುಂಡಿನಲ್ಲಿ ಕಾಲುವೆ ಕೊರೆದು, ಅಂಚನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಿದ್ದು. ಇದು ಭಾರ, ಬೆಲೆ ಹೆಚ್ಚು, ಆದರೆ ಸುಲಭಕ್ಕೆ ಬಾಗುವುದಿಲ್ಲ. ಹಗುರವಾಗಿರಲಿ ಅಂತ ಒಳಗೆ ಟೊಳ್ಳು ಬಿಟ್ಟು ಮಾಡಿದ ದುಬಾರಿ ಬಾರ್‌ಗಳೂ ಬಂದಿವೆ. ಮರ ಹತ್ತಿ ಕೆಲಸ ಮಾಡುವವರಿಗೆ ಅದು ಸುಖ.

ಮೂರು ಹಾಳೆಯದ್ದು ಕಳಪೆ ಅಂತ ನಾನು ಹೇಳುತ್ತಿಲ್ಲ. ಮನೆಯ ಹಿತ್ತಲಲ್ಲಿ ವರ್ಷಕ್ಕೆರಡು ಸಲ ತೆಂಗಿನ ಮಡಲು ತುಂಡು ಮಾಡಿ, ಸೌದೆ ಕೊಯ್ದುಕೊಳ್ಳುವವರಿಗೆ ಅದೇ ಸಾಕು, ಅದೇ ಸರಿ. ದಿನಾ ಬೆಳಿಗ್ಗೆ ಏಳಕ್ಕೆ ಮೆಷಿನ್ ಹೊತ್ತು ತೋಟಕ್ಕೆ ಹೋಗುವವನಿಗೆ, ದಿಮ್ಮಿ ಕೊಯ್ಯುವವನಿಗೆ ಅದನ್ನೇ ಕೊಟ್ಟರೆ ಮಾತ್ರ ಮೋಸ. ಮರ ಕೊಂಚ ವಾಲಿ ಬಾರನ್ನು ಹಿಡಿದುಕೊಂಡರೆ ಸಾಕು, ಅಪ್ಪಚ್ಚಿ. ಆ ಹುಡುಗನ ಬಾರ್ ಆದದ್ದೇ ಹಾಗೆ.

ಜಾತಕ ಕೂಡದ ಜೋಡಿ

ಹುಡುಗನ ಬಾರ್ ಬಾಗಿದ್ದು ಆಮೇಲಿನ ಮಾತು. ಮೊದಲು ಕೊಯ್ತ ಸೊಟ್ಟ ಹೋಗಿದ್ದು ಏಕೆ? ಹಿರಿಯರು ಅವತ್ತೇ ಬಾರಿನ ಹಿಂಬದಿ ಒರೆಸಿ ಓದಿದ್ದರಂತೆ. ಬಾರಿನ ಕಾಲುವೆ 1.6 ಮಿ.ಮೀ. ಅಗಲದ್ದು. ಚೈನಿನ ಹಲ್ಲು 1.3 ಮಿ.ಮೀ. ದಪ್ಪದ್ದು. ಅಂಗಡಿಯವನು ಕೊಟ್ಟ, ಸಾಹುಕಾರರು ತಂದರು, ಹುಡುಗ ಹಾಕಿದ. ಚೈನು ಕೂತಿತು, ಓಡಿತು ಕೂಡ. ಆದರೆ ಅಗಲ ಕಾಲುವೆಯಲ್ಲಿ ಸಣ್ಣ ಹಲ್ಲು ಅತ್ತಿತ್ತ ವಾಲಾಡುತ್ತಾ ಓಡಿದರೆ ಕೊಯ್ತ ನೇರ ಹೋಗುವುದು ಹೇಗೆ? ಹೊಸ ಬಾರ್ ಹಾಕಿದ ದಿನವೇ ಸವೆದ ಬಾರಿನ ಹಾಗೆ ಕೆಲಸ ಮಾಡಿತು.

ಇದನ್ನು ಗಂಡು ಹೆಣ್ಣಿನ ಜಾತಕ ನೋಡುವ ಹಾಗೆ ನೋಡಬೇಕು ಅಂದರು ಅವರು. ಕೂಡಬೇಕಾದದ್ದು ಏನೇನು ಅಂತ ಕೇಳಿದೆ.

ಮೊದಲನೆಯದು ಪಿಚ್. ಚೈನಿನಲ್ಲಿ ಸಾಲಾಗಿ ಬರುವ ಮೂರು ರಿವೆಟ್ ಹಿಡಿಯಿರಿ. ಮೊದಲನೆಯದರಿಂದ ಮೂರನೆಯದಕ್ಕೆ ಎಷ್ಟು ದೂರವೋ ಅದರ ಅರ್ಧವೇ ಪಿಚ್. ನಮ್ಮ ಕಡೆ ಹೆಚ್ಚಾಗಿ ಓಡುವುದು 0.325 ಇಂಚು ಮತ್ತು 3/8 ಇಂಚು. ಭಾರೀ ಮೆಷಿನ್‌ಗಳಿಗೆ 0.404. ಬಾರಿನ ತುದಿಯ ಚಕ್ರ, ಚೈನು, ಮೆಷಿನ್ನಿನ ಒಳಗಿನ ಸ್ಪ್ರಾಕೆಟ್ ಮೂರೂ ಒಂದೇ ಪಿಚ್ ಇರಬೇಕು. ಇಲ್ಲದಿದ್ದರೆ ಚೈನು ಸರಿಯಾಗಿ ಕೂರುವುದೇ ಇಲ್ಲ, ಆ ತಪ್ಪು ಬೇಗ ಗೊತ್ತಾಗುತ್ತದೆ.

ಎರಡನೆಯದು ಗೇಜ್, ಅಂದರೆ ಹಲ್ಲಿನ ದಪ್ಪ, ಕಾಲುವೆಯ ಅಗಲ. 1.1, 1.3, 1.5, 1.6 ಮಿ.ಮೀ. ಹೀಗೆ ಬರುತ್ತದೆ. 0.325ರ ಬಾರ್ 1.3ರಲ್ಲೂ ಇದೆ, 1.5ರಲ್ಲೂ ಇದೆ, 1.6ರಲ್ಲೂ ಇದೆ. ಮೋಸ ಹೋಗುವುದು ಇಲ್ಲೇ. ದಪ್ಪ ಹಲ್ಲಿನ ಚೈನು ಸಣ್ಣ ಕಾಲುವೆಗೆ ಇಳಿಯುವುದೇ ಇಲ್ಲ, ವಾಪಸ್ ಕೊಟ್ಟು ಬರುತ್ತೀರಿ. ಸಣ್ಣ ಹಲ್ಲು ಅಗಲ ಕಾಲುವೆಗೆ ಸುಖವಾಗಿ ಇಳಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಮೂರನೆಯದು ಹಲ್ಲಿನ ಲೆಕ್ಕ. ಹದಿನೆಂಟು ಇಂಚಿನ 0.325 ಬಾರ್ ಅಂದರೂ ಒಂದು ಕಂಪನಿಯ ಮೆಷಿನ್ನಿಗೆ 72 ಹಲ್ಲು, ಇನ್ನೊಂದರದಕ್ಕೆ 74. "ಹದಿನೆಂಟಿಂಚು ಕೊಡಿ" ಅಂತ ಬಾಯಲ್ಲಿ ಹೇಳಿದರೆ ಸಾಲದು ಅನ್ನುವುದು ಇದಕ್ಕೇ. ಜೊತೆಗೆ ಬಾರಿನ ಬುಡದ ಕಂಡಿ, ಚೈನ್ ಬಿಗಿ ಮಾಡುವ ಗೂಟ ಕೂರುವ ತೂತು, ಆಯಿಲ್ ಬರುವ ತೂತು ಇವೂ ಮೆಷಿನ್ನಿಗೆ ಸರಿಯಾಗಿ ಎದುರಾಗಬೇಕು. ಆಯಿಲ್ ತೂತು ಒಂದಿಷ್ಟು ತಪ್ಪಿದರೂ ಬಾರ್ ಒಣಗಿಯೇ ಓಡುತ್ತದೆ. ಒಣಗಿ ಓಡಿದ ಬಾರಿನ ಅಂಚು ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಆಯಿತೆಂದರೆ ಅಲ್ಲಿಯ ಉಕ್ಕಿನ ಗಟ್ಟಿತನ ಹೋಯಿತು ಅಂತಲೇ ಅರ್ಥ.

ಈ ಸಂಖ್ಯೆಗಳೆಲ್ಲ ಬಾರಿನ ಬುಡದ ಹತ್ತಿರ ಬರೆದಿರುತ್ತವೆ. ಅವು ಇಲ್ಲದ ಬಾರನ್ನು ಕೊಳ್ಳಲೇಬೇಡಿ. ಹಳೇ ಬಾರ್, ಹಳೇ ಚೈನು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುವುದೇ ಎಲ್ಲಕ್ಕಿಂತ ಸುಲಭ. ಮೊಬೈಲಿನಲ್ಲಿ ಫೋಟೋ ನೋಡಿ ತರಿಸುವವರಂತೂ ಈ ಮೂರು ಸಂಖ್ಯೆ ಚೀಟಿಯಲ್ಲಿ ಬರೆದಿಟ್ಟುಕೊಂಡೇ ಕೂರಬೇಕು.

ಉದ್ದ ಬಾರ್, ಉದ್ದ ಜಂಭ

ನಮ್ಮವರಿಗೆ ಒಂದು ಹುಚ್ಚಿದೆ ನೋಡಿ. ಮೆಷಿನ್ ಸಣ್ಣದಾದರೂ ಬಾರ್ ಉದ್ದ ಇರಬೇಕು. 58 ಸಿ.ಸಿ. ಅಂತ ಬರೆದ ಅಗ್ಗದ ಮೆಷಿನ್ನಿಗೆ ಇಪ್ಪತ್ತೆರಡು ಇಂಚು ಹಾಕಿಕೊಂಡು ಬೈಕಿನ ಹಿಂದೆ ಬಂದೂಕಿನ ಹಾಗೆ ಕಟ್ಟಿಕೊಂಡು ಹೋಗುವುದು ನೋಡಿದ್ದೇನೆ. ಬಾರ್ ಉದ್ದವಾದಷ್ಟೂ ಚೈನು ಉದ್ದ, ಉಜ್ಜಾಟ ಹೆಚ್ಚು, ಅಷ್ಟೂ ಉದ್ದಕ್ಕೆ ಆಯಿಲ್ ತಲುಪಿಸಬೇಕು. ಸಣ್ಣ ಮೆಷಿನ್ನಿನ ಪಂಪಿಗೆ ಅದು ಆಗದ ಕೆಲಸ. ತುದಿ ಒಣಗುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ, ಹಿಡಿದವನು ಅದುಮುತ್ತಾನೆ, ಅದುಮಿದಷ್ಟೂ ಅಂಚು ಸವೆಯುತ್ತದೆ.

ದಿನಾ ಕೊಯ್ಯುವ ಮರದ ದಪ್ಪಕ್ಕಿಂತ ಎರಡು ಇಂಚು ಹೆಚ್ಚಿದ್ದರೆ ಸಾಕು ಅನ್ನುವುದು ಹಳಬರ ಲೆಕ್ಕ. ಸಿಲ್ವರ್ ಮರ, ಅಕೇಶಿಯ ಕೊಯ್ಯುವವರಿಗೆ ಹದಿನಾರು, ಹದಿನೆಂಟು ಇಂಚು ಧಾರಾಳ. ಅಪರೂಪಕ್ಕೆ ಬರುವ ದಪ್ಪ ಮರವನ್ನು ಕಸುಬು ಗೊತ್ತಿದ್ದವರು ಎರಡು ಕಡೆಯಿಂದ ಕೊಯ್ಯುತ್ತಾರೆ. ಆ ಮಾವಿನ ಮರ ಹದಿನೆಂಟರಲ್ಲೇ ತುಂಡಾಯಿತಲ್ಲ!

ಮೂತಿ ಮುಟ್ಟಿದರೆ ಮುಖಕ್ಕೇ

ಬಾರಿನ ತುದಿಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಹಲ್ಲಿನ ಚಕ್ರ ಇರುತ್ತದೆ. ಚೈನು ತಿರುಗುವ ಜಾಗದಲ್ಲಿ ಅದು ಉಜ್ಜಾಟ ಕಡಿಮೆ ಮಾಡುತ್ತದೆ. ಅಗ್ಗದ ಬಾರಿನಲ್ಲಿ ಮೊದಲು ಸಾಯುವುದು ಈ ಚಕ್ರವೇ. ಅದರ ಬೇರಿಂಗ್ ಹೋಗಿ, ಚಕ್ರ ಲಡಲಡ ಅಂತ ಅಲ್ಲಾಡಲು ಶುರುವಾಗುತ್ತದೆ. ಕೊಳ್ಳುವಾಗ ಬೆರಳಲ್ಲಿ ತಿರುಗಿಸಿ ನೋಡಿ. ಸದ್ದಿಲ್ಲದೆ, ತಡೆಯಿಲ್ಲದೆ ತಿರುಗಬೇಕು, ಅತ್ತಿತ್ತ ಅಲ್ಲಾಡಬಾರದು. ಕೆಲವು ಒಳ್ಳೆಯ ಬಾರ್‌ಗಳಲ್ಲಿ ಮೂತಿಯನ್ನಷ್ಟೇ ರಿವೆಟ್ ಕಿತ್ತು ಬದಲಾಯಿಸಬಹುದು. ದಿನಾ ಕೆಲಸದವರಿಗೆ ಅದು ಲಾಭ, ಪಟ್ಟಿ ಚೆನ್ನಾಗಿರುವಾಗ ಮೂತಿ ಹೋಯಿತೆಂದು ಇಡೀ ಬಾರ್ ಎಸೆಯಬೇಕಾಗಿಲ್ಲ.

ಚಕ್ರವೇ ಇಲ್ಲದ, ತುದಿಗೆ ಗಟ್ಟಿ ಲೋಹ ಹಾಕಿದ ಬಾರ್ ಕೂಡ ಉಂಟು. ಮಣ್ಣು, ಮರಳು ಹತ್ತಿದ ದಿಮ್ಮಿ ಕೊಯ್ಯುವವರಿಗೆ ಅದು. ಕೆಡಲು ಚಕ್ರವೇ ಇಲ್ಲವಲ್ಲ. ಆದರೆ ತುದಿ ಬಿಸಿಯಾಗುವುದು ಹೆಚ್ಚು, ಚೈನನ್ನು ತುಸು ಸಡಿಲ ಬಿಡಬೇಕು.

ಈ ಮೂತಿಯ ಮೇಲ್ಭಾಗದ ಕಾಲು ಪಾಲು ಇದೆಯಲ್ಲ, ಅದು ಯಮನ ಜಾಗ. ಓಡುವಾಗ ಅಷ್ಟು ಜಾಗ ಯಾವುದಾದರೂ ಕೊಂಬೆಗೆ ತಾಗಿದರೆ ಬಾರ್ ಸರಕ್ಕನೆ ಮೇಲಕ್ಕೆ, ಹಿಂದಕ್ಕೆ, ಹಿಡಿದವನ ಮುಖದ ಕಡೆಗೇ ಚಿಮ್ಮುತ್ತದೆ. ಕಣ್ಣು ಮಿಟುಕಿಸುವಷ್ಟೂ ಸಮಯ ಸಿಗುವುದಿಲ್ಲ. ಮೂತಿ ಅಗಲವಿದ್ದಷ್ಟೂ ಈ ಅಪಾಯ ಹೆಚ್ಚು, ಕಿರಿದಾದ ಮೂತಿಯಲ್ಲಿ ಕಡಿಮೆ. ಹಿರಿಯರ ಎಡ ಮುಂಗೈ ಮೇಲೆ ಒಂದು ಉದ್ದ ಗೀರಿದೆ. ಇಪ್ಪತ್ತು ವರ್ಷದ ಹಿಂದೆ ಸಿಲ್ವರ್ ಮರದ ಟೊಂಗೆ ಸವರುವಾಗ ಆದದ್ದು. "ಚೈನ್ ಬ್ರೇಕ್ ಇತ್ತು, ಅದ್ಕೇ ಕೈಗೆ ನಿಂತಿತು. ಇಲ್ದಿದ್ರೆ ಇವತ್ತು ನಿಮ್ಗೆ ಕಾಫಿ ಕೊಡೋಕೆ ನಾನಿರ್ತಿರ್ಲಿಲ್ಲ" ಅಂದರು. ನಗುತ್ತಾ ಅಂದರು, ಒಳಗಿನಿಂದ ಅವರ ಹೆಂಡತಿ ಮಾತ್ರ ನಗಲಿಲ್ಲ.

ಹುಳ ಕಲಿಸಿದ ಪಾಠ

ಮಧ್ಯೆ ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಮಾಡಿದ ಮೊದಲ ಚೈನ್ ಗರಗಸ ಕರೆಂಟಿನದು, ಹಿಡಿಯಲು ಇಬ್ಬರು ಬೇಕಾಗಿತ್ತು. 1929ರಲ್ಲಿ ಪೆಟ್ರೋಲಿನದು ಬಂತು. ಆದರೆ ಆ ಕಾಲದ ಚೈನಿನ ಹಲ್ಲು ಹಳೇ ಕೈಗರಗಸದ ಹಲ್ಲಿನ ಹಾಗೇ ಇತ್ತು, ಬೇಗ ಮೊಂಡಾಗುತ್ತಿತ್ತು, ಅರ ಹಾಕಿ ಹಾಕಿ ಸಾಕಾಗುತ್ತಿತ್ತು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಒಂದು ಮರದ ಬೊಡ್ಡೆಯಲ್ಲಿ ಕೊರೆಯುವ ಹುಳವನ್ನು ಕಂಡ. ಅದು ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಅಡ್ಡವೋ ಉದ್ದವೋ ನೋಡದೆ ಮರ ತಿನ್ನುತ್ತಿತ್ತು. ಇದೇ ನೋಡು ಹಲ್ಲು ಅಂದುಕೊಂಡು ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲಿನ ಚೈನು ಮಾಡಿ 1947ರಲ್ಲಿ ವ್ಯಾಪಾರ ಶುರು ಮಾಡಿದ. ಇವತ್ತು ನಮ್ಮ ತೋಟಗಳಲ್ಲಿ ಗುರ್ರೆನ್ನುವ ಚೈನುಗಳ ಮೂಲ ಅದೇ. ಗೊಬ್ಬರದ ಗುಂಡಿಯ ಹುಳ ನೋಡಿ ನಾವು ಮೂಗು ಮುಚ್ಚಿಕೊಳ್ಳುತ್ತೇವೆ, ಅಷ್ಟೇ ವ್ಯತ್ಯಾಸ!

ಅಂಗಡಿಯವರೇ, ಸ್ವಲ್ಪ ಕೇಳಿ

ಈಗ ಪೇಟೆಯ ಮಿತ್ರರಿಗೆ ಎರಡು ಮಾತು. ಇದರಲ್ಲಿ ಬಾರ್ ಮಾರುವವರೂ ಇದ್ದೀರಿ, ಬೇರೆ ಅಂಗಡಿಯವರೂ ಇದ್ದೀರಿ.

ಮಾರುವವರಿಗೆ ಮೊದಲು. ನಾನು ಹೋಗಿ ವಿಚಾರಿಸಿದ ಒಂದು ಅಂಗಡಿಯಲ್ಲಿ ಒಂದು ಬಾರಿಗೆ 700 ರೂಪಾಯಿ, ಇನ್ನೊಂದಕ್ಕೆ 2,400. ಎರಡರ ಮೇಲೂ ಹೆಚ್ಚುಕಡಿಮೆ ಒಂದೇ ಥರದ ಬಣ್ಣ. "ಏನ್ರೀ ವ್ಯತ್ಯಾಸ?" ಅಂದರೆ "ಅದು ಕಂಪನಿ, ಇದು ಲೋಕಲ್" ಅಂತ ಉತ್ತರ. ಗೇಜ್ ಎಷ್ಟು ಅಂತ ಕೇಳಿದ್ದಕ್ಕೆ ಹುಡುಗ ಮಾಲೀಕರ ಮುಖ ನೋಡಿದ, ಮಾಲೀಕರು ಫ್ಯಾನ್ ನೋಡಿದರು. ಸ್ವಾಮಿ, ಚಪ್ಪಲಿ ಮಾರುವವರು ಕೂಡ ಗಿರಾಕಿಯ ಕಾಲಿನ ಅಳತೆ ಕೇಳುತ್ತಾರೆ. ಬಾರ್ ಕೊಡುವ ಮುನ್ನ ಚೈನ್ ಕೇಳಿ ನೋಡಿದರೆ ನಿಮ್ಮ ಗಂಟೇನು ಹೋಗುತ್ತದೆ?

ಬಾರಿನ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬೆಳಕಿನ ಕಡೆ ನೋಡಿದರೆ ನೇರವೋ ಸೊಟ್ಟವೋ ಗೊತ್ತಾಗುತ್ತದೆ. ಕಾಲುವೆ ಉದ್ದಕ್ಕೂ ಒಂದೇ ಸಮ ಇದೆಯೋ, ಎರಡು ಅಂಚಿನ ಎತ್ತರ ಒಂದೇ ಇದೆಯೋ ಎನ್ನುವುದು ಬೆರಳಿಗೇ ತಿಳಿಯುತ್ತದೆ. ಇಷ್ಟನ್ನು ಗಿರಾಕಿ ಮಾಡಲು ಹೊರಟರೆ ಸಿಡುಕಬೇಡಿ. ಬಿಲ್ ಕೊಡಿ.

ಇನ್ನು ಬೇರೆ ಅಂಗಡಿಯವರಿಗೆ. ಆ ಮಾವಿನ ಮರ ಕೊಯ್ಯುವಾಗ ಹಿರಿಯರು ತೊಗಟೆ ಹೆರೆದರು ಅಂದೆನಲ್ಲ, ಮಣ್ಣಿಗೆ ಮಾತ್ರ ಅಲ್ಲ, ಮೊಳೆ ಹುಡುಕಲಿಕ್ಕೂ ಹೌದು. ಸಿಕ್ಕಿದವು ನಾಲ್ಕು. ಮರಕ್ಕೆ ಹೊಡೆದಿದ್ದ ಒಂದು ಅಂಗಡಿ ಬೋರ್ಡಿನವು. ಇನ್ನೂ ಎಷ್ಟೋ ವರ್ಷದ ಹಳೇ ಮೊಳೆಗಳನ್ನು ಮರ ನುಂಗಿ ಮೇಲೆ ತೊಗಟೆ ಮುಚ್ಚಿಕೊಂಡಿರುತ್ತದೆ, ಅವು ಕಣ್ಣಿಗೆ ಕಾಣುವುದಿಲ್ಲ. ಓಡುವ ಚೈನು ಮೊಳೆಗೆ ಹೊಡೆದರೆ ಹಲ್ಲು ಹಾರುತ್ತದೆ, ಒಮ್ಮೊಮ್ಮೆ ಚೈನೇ ಕಡಿದು ಚಾಟಿಯ ಹಾಗೆ ಬೀಸುತ್ತದೆ, ಬಾರಿನ ಅಂಚು ಚಕ್ಕೆ ಏಳುತ್ತದೆ. ರಸ್ತೆ ಬದಿಯ ಮರ ಅಂದರೆ ಕಸುಬಿನವರು ಹೆದರುವುದು ಮರದ ದಪ್ಪಕ್ಕಲ್ಲ, ನಮ್ಮ ಬಟ್ಟೆ ಅಂಗಡಿ, ಕೋಚಿಂಗ್ ಕ್ಲಾಸು, ಮೂಲವ್ಯಾಧಿ ಚಿಕಿತ್ಸೆ ಬೋರ್ಡುಗಳ ಮೊಳೆಗೆ.

ಆಯಿಲ್ ಹಾಕದೆ ದೇವರಿಗೆ ಹರಕೆ

ಒಳ್ಳೆಯ ಬಾರ್ ತಂದು ಕೆಡಿಸುವ ವಿದ್ಯೆಯೂ ನಮ್ಮಲ್ಲಿ ಧಾರಾಳವಾಗಿದೆ. ಮೊದಲನೆಯದು ಗ್ಯಾರೇಜಿನ ಸುಟ್ಟ ಆಯಿಲ್. ಬಿಟ್ಟಿ ಸಿಗುತ್ತದೆ ಅಂತ ಅದನ್ನೇ ಬಾರಿಗೆ ಹಾಕುತ್ತಾರೆ. ಅದರಲ್ಲಿ ಎಂಜಿನ್ನಿನಿಂದ ಬಂದ ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ. ಪಂಪು ಕಟ್ಟುತ್ತದೆ, ಅಂಚನ್ನು ಅರದ ಹಾಗೆ ತಿನ್ನುತ್ತದೆ, ಮೇಲೆ ಸಿಡಿದರೆ ಚರ್ಮಕ್ಕೂ ಕೇಡು. ಬಾರಿಗೆಂದೇ ಬರುವ ಆಯಿಲ್ ಅಂಟಂಟಾಗಿರುತ್ತದೆ, ಚೈನು ಎಷ್ಟು ಜೋರಾಗಿ ಓಡಿದರೂ ಹಾರಿಹೋಗದೆ ಹಿಡಿದುಕೊಳ್ಳುತ್ತದೆ. ಪೆಟ್ರೋಲಿಗೆ ಟುಟಿ ಆಯಿಲ್ ಬೆರೆಸಿ ತುಂಬುವಾಗಲೆಲ್ಲ ಇದನ್ನೂ ತುಂಬಬೇಕು. ಆಯಿಲ್ ಬರುತ್ತಿದೆಯೋ ಇಲ್ಲವೋ ನೋಡಲು ಒಂದು ಉಪಾಯ: ಬಿಳಿ ಕೊಯ್ತದ ಬೊಡ್ಡೆಯ ಎದುರು, ಮುಟ್ಟಿಸದೆ, ಬಾರಿನ ತುದಿ ಹಿಡಿದು ಮೆಷಿನ್ ಜೋರು ಮಾಡಿ. ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ತೂತು ಕಟ್ಟಿದೆ.

ಎರಡನೆಯದು, ಬಾರನ್ನು ಮಗುಚಿ ಹಾಕದೆ ಇರುವುದು. ಕೊಯ್ಯುವುದು ಹೆಚ್ಚಾಗಿ ಅಡಿಯ ಅಂಚಿನಲ್ಲಿ, ಸವೆಯುವುದೂ ಅದೇ. ಚೈನಿಗೆ ಅರ ಹಾಕಿದಾಗಲೆಲ್ಲ ಬಾರನ್ನು ತಲೆಕೆಳಗು ಮಾಡಿ ಕೂರಿಸಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಖರ್ಚಿಲ್ಲದ ಕೆಲಸ, ಆದರೂ ಮಾಡುವವರು ಕಡಿಮೆ. ಬಿಚ್ಚಿದಾಗಲೇ ಕಾಲುವೆಯೊಳಗಿನ ಹೊಟ್ಟಿನ ಕೆಸರನ್ನು ತಂತಿಯಲ್ಲೋ ತೆಳು ತಗಡಿನಲ್ಲೋ ಕೆರೆದು ತೆಗೆಯಿರಿ. ಅಂಚು ಹೊರಕ್ಕೆ ಮಡಚಿ ಬ್ಲೇಡಿನ ಹಾಗೆ ಚೂಪಾಗಿದ್ದರೆ ಚಪ್ಪಟೆ ಅರದಲ್ಲಿ ಉಜ್ಜಿ ಸಮ ಮಾಡಿ.

ಚೈನು ಮೊಂಡಾದರೂ ಬಾರಿಗೇ ಪೆಟ್ಟು. ಹಲ್ಲು ಹರಿತವಿದ್ದರೆ ಚಕ್ಕೆ ಚಕ್ಕೆಯಾಗಿ ಹೊಟ್ಟು ಬೀಳುತ್ತದೆ, ಮೊಂಡಾದರೆ ಹಿಟ್ಟಿನ ಹಾಗೆ ಪುಡಿ. ಪುಡಿ ಬಂತೆಂದರೆ ನಿಲ್ಲಿಸಿ ಅರ ಹಾಕಬೇಕು. ಸಾಗುವಾನಿಯಲ್ಲಿ ಮರಳಿನ ಅಂಶ ಇರುತ್ತದೆ, ಅದು ಹಲ್ಲನ್ನು ಬೇಗ ತಿನ್ನುತ್ತದೆ. ಕೆಂಪು ಮಣ್ಣಿನಲ್ಲಿ ಎಳೆದು ತಂದ ದಿಮ್ಮಿಯೂ ಅಷ್ಟೇ. ಚೈನು ಬಿಸಿಯಾದಾಗ ಉದ್ದವಾಗಿ ಜೋಲುತ್ತದೆ, ಬಿಗಿ ಮಾಡುತ್ತೇವೆ, ಸರಿ. ಕೆಲಸ ಮುಗಿದ ಮೇಲೆ ಸಡಿಲ ಮಾಡಿ ಇಡದಿದ್ದರೆ ರಾತ್ರಿ ತಣ್ಣಗಾಗಿ ಕುಗ್ಗಿ ಬಾರನ್ನೂ ಎಂಜಿನ್ ಬೇರಿಂಗನ್ನೂ ಹಿಂಡುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಹಳೇ ಬಾರ್ ಇನ್ನೂ ನಡೆಯುತ್ತದೋ ಇಲ್ಲವೋ? ಮೆಷಿನ್ ಆಫ್ ಮಾಡಿ, ಒಂದು ಸ್ಕೇಲನ್ನು ಚೈನಿನ ಹಲ್ಲಿಗೂ ಬಾರಿನ ಪಕ್ಕಕ್ಕೂ ಆನಿಸಿ. ಸ್ಕೇಲಿಗೂ ಬಾರಿಗೂ ನಡುವೆ ಸಂದು ಕಂಡರೆ ಅಂಚು ಚೆನ್ನಾಗಿದೆ. ಚೈನು ವಾಲಿ ಸ್ಕೇಲು ಬಾರಿಗೇ ಅಂಟಿದರೆ ಅಂಚು ಸವೆದಿದೆ. ಕಾಲುವೆಯ ಆಳವೂ ಮುಖ್ಯ. 0.325 ಮತ್ತು 3/8ರ ಸಾಮಾನ್ಯ ಚೈನಿಗೆ 6 ಮಿ.ಮೀ.ಗಿಂತ ಕಡಿಮೆ ಆಯಿತೆಂದರೆ ಹಲ್ಲು ತಳಕ್ಕೆ ಉಜ್ಜುತ್ತದೆ, ಆ ಬಾರಿಗೆ ವಿದಾಯ ಹೇಳಬೇಕು.

ಕೊಂಡವನೊಬ್ಬ, ಹಿಡಿದವನೊಬ್ಬ

ಹಿರಿಯರು ತಮ್ಮ ಬಾರನ್ನು 2,400 ಕೊಟ್ಟು ತಂದವರು. ಅದರ ಮೇಲೆ ಈಗ ಓಡುತ್ತಿರುವುದು ಐದನೇ ಚೈನು. ಎರಡು ಚೈನಿಗೊಂದು ಸಲ ಒಳಗಿನ ಸ್ಪ್ರಾಕೆಟ್ ಬದಲಾಯಿಸುತ್ತಾರೆ, ಸವೆದ ಸ್ಪ್ರಾಕೆಟ್ ಹೊಸ ಚೈನನ್ನು ಕೆಡಿಸುತ್ತದೆಂದು. ಹುಡುಗನ ಸಾಹುಕಾರರು ಒಂದೇ ಹಂಗಾಮಿನಲ್ಲಿ 700ರ ಬಾರ್ ಮೂರು ತಂದರಂತೆ. 2,100 ಆಯಿತು. ಇದರ ಮೇಲೆ ಕೆಲಸ ನಿಂತ ದಿನಗಳ ಲೆಕ್ಕ. ಆ ದಿನಗಳ ಕೂಲಿ ಹೋಗಿದ್ದು ಸಾಹುಕಾರರದಲ್ಲ, ಹುಡುಗನದು. ಅವನಿಗೆ ಕೊಯ್ದ ಮರದ ಲೆಕ್ಕದಲ್ಲಿ ದುಡ್ಡು. ಬಾರ್ ಕೆಟ್ಟು ಕೂತರೆ ಊಟವಿಲ್ಲ, ಆದ್ದರಿಂದ ಕೆಟ್ಟ ಬಾರಿನಲ್ಲೇ ಅದುಮಿ ಕೊಯ್ಯುತ್ತಾನೆ. ಅಪಾಯ ಶುರುವಾಗುವುದು ಅಲ್ಲಿಂದ. ಬಾರ್ ಕೊಳ್ಳುವವರು ಅದನ್ನು ಕೈಯಲ್ಲಿ ಹಿಡಿಯುವುದಿಲ್ಲ, ಹಿಡಿಯುವವನಿಗೆ ಕೊಳ್ಳುವಾಗ ಮಾತಿಲ್ಲ. ಬಾರ್ ತರಲು ಹೊರಟ ಸಾಹುಕಾರರು ಆ ಹುಡುಗನನ್ನೂ ಜೊತೆಗೆ ಪೇಟೆಗೆ ಕರೆದುಕೊಂಡು ಹೋದರೆ ಬಸ್ ಚಾರ್ಜು ಎಷ್ಟಾದೀತು?

ಇನ್ನೊಂದು ಮಾತು ಬಿಟ್ಟುಹೋದೀತು. ಒಳ್ಳೆಯ ಬಾರ್ ಸಿಕ್ಕಿತು ಅಂತ ಕಂಡ ಮರಕ್ಕೆಲ್ಲ ಹಚ್ಚಬೇಡಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಸಿಲ್ವರ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದ್ದರೂ ಉಳಿದವಕ್ಕೆ ಸ್ವಂತ ಜಾಗದಲ್ಲೂ ಅನುಮತಿ ಬೇಕು.

ಹುಡುಗ ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಗುರುತು ಹಿಡಿದು ಅವನೇ ಮಾತಾಡಿಸಿದ. ಕಾಲಲ್ಲಿ ಬೂಟು. ಹಿರಿಯರ ಹತ್ತಿರ ತಿಂಗಳಿಗೆ ಎಂಟು ಹತ್ತು ದಿನ ಕೆಲಸಕ್ಕೆ ಹೋಗುತ್ತಾನಂತೆ. ಕೈಯಲ್ಲಿ ಪೇಪರ್ ಸುತ್ತಿದ ಒಂದು ಉದ್ದನೆ ಕಟ್ಟು. "ಹದ್ನೆಂಟಿಂಚು ಸಾರ್, ಒಂದ್ ಪಾಯಿಂಟ್ ಮೂರು. ಚೈನ್ ತಗಂಡೋಗಿ ಹಾಕಿ ನೋಡೇ ತಂದೆ. ಅರ್ಧ ದುಡ್ಡು ನಂದು, ಅರ್ಧ ಸಾಹುಕಾರ್ರದ್ದು" ಅಂದ. ಬಸ್ಸು ಬಂತು, ಕಟ್ಟನ್ನು ಎದೆಗವಚಿಕೊಂಡು ಹತ್ತಿದ.

ನಾನೂ ಅದೇ ಬಸ್ಸಿನಲ್ಲಿ ಹೋದೆ. ಆ ಮಾವಿನ ಮರದ ಬುಡ ರಸ್ತೆ ಬದಿಯಲ್ಲಿ ಇನ್ನೂ ಬಿದ್ದಿದೆ. ಒಂದು ಬದಿಯ ಕೊಯ್ತ ಸೊಟ್ಟ, ಇನ್ನೊಂದು ಬದಿಯದು ಕನ್ನಡಿಯ ಹಾಗೆ ಸಪಾಟು. ಅಂಗಡಿಯವರು ತಮ್ಮ ಬೋರ್ಡನ್ನು ಪಕ್ಕದ ಹಲಸಿನ ಮರಕ್ಕೆ ಹೊಡೆದಿದ್ದಾರೆ. ಈ ಸಲ ಮೊಳೆ ಆರು.